ಹನ್ನೊಂದು ಪುಟದ ಅರ್ಜಿ

ಶುಕ್ರವಾರ ಬೆಳಿಗ್ಗೆ ಸೀಮಾ ಕತೆಪುಸ್ತಕದ ಹಾಳೆಯ ಮೂಲೆ ಹರಿದು, ಎಣ್ಣೆಗಾಯಿಗೆ ಅದ್ದಿ, ಬಾಯಿಗೆ ಹಾಕಿಕೊಂಡಳು. ರೊಟ್ಟಿ ತಟ್ಟೆಯಲ್ಲಿ ಹಾಗೇ ಇತ್ತು.

"ಅಯ್ಯ ನನ್ನವ್ವ, ಉಗುಳ ಅದನ್ನ!" ಎಂದು ತಾಯಿ ಮಹಾದೇವಕ್ಕ ಅಡುಗೆಮನೆಯಿಂದ ಓಡಿಬಂದಳು.

"ಅವ್ವಾ, ಡಿಸ್ಟರ್ಬ್ ಮಾಡಬ್ಯಾಡ. ಇನ್ನೂ ನೈಂಟಿ ಪೇಜಸ್ ಅದಾವು" ಎಂದಳು ಸೀಮಾ, ಪುಟದಿಂದ ಕಣ್ಣು ತೆಗೆಯದೆ, ಅಗಿಯುತ್ತ.

ಎದುರಿಗೆ ಕೂತಿದ್ದ ಅಪ್ಪ ಈರಯ್ಯ ರೊಟ್ಟಿಯ ತಟ್ಟೆಯನ್ನು ಮಗಳ ಕೈಹತ್ತಿರ ಸರಿಸಿದ. ಗದಗದ ಕಡೆಯ ಮನುಷ್ಯ. ಇಲ್ಲಿ ಕತಾರಿನಲ್ಲಿ ಎಣ್ಣೆ ಪೈಪುಗಳ ವೆಲ್ಡಿಂಗ್ ತಪಾಸಣೆ ಮಾಡುವ ಕೆಲಸ, ವಾರಕ್ಕೆ ಒಂದೇ ರಜೆ. ಮಗಳನ್ನು ಕಾರ್ನಿಶ್ ಕಡಲದಂಡೆಗೆ ಕರೆದೊಯ್ಯುತ್ತೇನೆಂದು ಐದು ಶುಕ್ರವಾರಗಳಿಂದ ಹೇಳುತ್ತಲೇ ಇದ್ದ. ಆಗುತ್ತಿರಲಿಲ್ಲ. ಏಳನೇ ಕ್ಲಾಸಿನವರು ವಾರಕ್ಕೆ ಎರಡು ಇಂಗ್ಲಿಷ್ ಕತೆಪುಸ್ತಕ ಓದಿ, ಒಂದೊಂದಕ್ಕೂ ನಾಲ್ಕು ಪುಟ ವರದಿ ಬರೆಯಬೇಕೆಂದು ಶಾಲೆಯ ಕಟ್ಟಪ್ಪಣೆ. ಅದರ ಮೇಲೆ ನಲವತ್ತು ಲೆಕ್ಕ, ಎರಡು ನಕಾಶೆ, ಅರಬ್ಬಿ ಕಾಪಿ.

ಈರಯ್ಯ ಎದ್ದು ಮಗಳ ಶಾಲೆಚೀಲವನ್ನು ತೂಕದ ಯಂತ್ರದ ಮೇಲಿಟ್ಟ. ಒಂಬತ್ತು ಕಿಲೋ. ಮಗಳನ್ನು ನಿಲ್ಲಿಸಿದ. ಇಪ್ಪತ್ತೊಂಬತ್ತು.

"ಇನ್ನೊಂದು ವರ್ಷಕ್ಕ ಚೀಲಾನಽ ಇಕಿನ್ನ ಹೆಗಲಿಗೆ ಹಾಕ್ಕೊಂಡು ಸಾಲಿಗೆ ಹೋಗ್ತೈತಿ" ಎಂದ. "ಇವತ್ತ ನಾಕಕ್ಕ ಪಾಲಕರ ಮೀಟಿಂಗ್ ಐತಿ. ಅರ್ಜಿ ಕೊಟ್ಟಽ ಬಿಡ್ತೀನಿ. ಖಲಾಸ್!"

ಅವನು ಇಂಗ್ಲಿಷಿನಲ್ಲಿ ಬರೆದದ್ದು ಐದೇ ಸಾಲು. ಹಾಗೇ ಮಡಚಿ ಜೇಬಿಗಿಟ್ಟುಕೊಂಡಿದ್ದರೆ ಕೆಟ್ಟದ್ದೇನೂ ಆಗುತ್ತಿರಲಿಲ್ಲ. ಆದರೆ ಒಬ್ಬನ ಸಹಿ ಸಾಲದೆಂದು, ಅಲ್ ಹಿಲಾಲ್ ಬಡಾವಣೆಯ ತಮ್ಮ ಕಟ್ಟಡದ ಮೇಲಿನ ಮಹಡಿ ಹತ್ತಿದ.

ಅಲ್ಲಿದ್ದವರು ಕಾಂತಾಮಣಿ. ಮೈಸೂರಿನ ಕಾಲೇಜಿನಲ್ಲಿ ಒಂದು ಕಾಲಕ್ಕೆ ಇಂಗ್ಲಿಷ್ ಪಾಠ ಮಾಡಿದವರು, ಅವರ ಮಗನೂ ಏಳನೇ ಕ್ಲಾಸು. ಐದು ಸಾಲನ್ನೂ ಅನ್ನದಲ್ಲಿ ಕಲ್ಲು ಸಿಕ್ಕಿದವರ ಮುಖ ಮಾಡಿಕೊಂಡು ಓದಿದರು.

"ಇದೇನ್ರೀ ಈರಯ್ಯನವ್ರೇ, ಅರ್ಜೀನೋ ಟೆಲಿಗ್ರಾಮೋ? ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ. ಕೊಡಿ ಇಲ್ಲಿ."

ಪೀಠಿಕೆ ಗುರುಕುಲದ ಕಾಲದಿಂದ ಶುರುವಾಗಿ, ಮೂರು ಪುಟ ನಡೆದು, ಇನ್ನೂ ಕತಾರ್ ತಲುಪಿರಲಿಲ್ಲ.

ಅಷ್ಟರಲ್ಲಿ ಜುಮ್ಮಾ ನಮಾಜು ಮುಗಿಸಿ ಮೆಟ್ಟಿಲು ಹತ್ತುತ್ತಿದ್ದ ಶಾಹುಲ್ ಹಮೀದ್ ಇಣುಕಿದರು. ಮಂಗಳೂರಿನವರು, ಹಡಗಿನ ಕಂಪನಿಯಲ್ಲಿ ಸರಕಿನ ಪಟ್ಟಿ ಮಾಡುವವರು. "ಅಂಕಿಅಂಶ ಇಲ್ಲದಿದ್ದರೆ ಯಾರು ನಂಬ್ತಾರೆ ಮಾರಾಯ್ರೆ?" ಎಂದವರೇ ಈರಯ್ಯನ ತೂಕದ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಹದಿನಾಲ್ಕು ಚೀಲ ತೂಗಿದರು. ಅದರ ಕೋಷ್ಟಕ ನಾಲ್ಕು ಪುಟವಾಯಿತು.

ಟೈಪು ಮಾಡಲು ಒಪ್ಪಿದ್ದ ಕೆಳಗಿನ ಮನೆಯ ವಿಲ್ಮಾ ಅವರ ಬೆರಳೂ ಸುಮ್ಮನಿರಲಿಲ್ಲ, ಬಾಯಿಯೂ ಸುಮ್ಮನಿರಲಿಲ್ಲ. "ಮಕ್ಕಳ ಕಣ್ಣಿನ ಬಗ್ಗೆ ಎಂತದೂ ಇಲ್ವಲ್ಲ? ನಮ್ಮ ಹುಡುಗಿಗೆ ಕನ್ನಡಕ ಬಂದಾಯ್ತು!" ಎಂದು ಕಣ್ಣಿಗೆರಡು, ಬೆನ್ನುಮೂಳೆಗೆರಡು ಪುಟ ತಾವೇ ಸೇರಿಸಿದರು.

ಮೂರೂವರೆಗೆ ಅರ್ಜಿ ಹನ್ನೊಂದು ಪುಟವಾಗಿ ಕೈಗೆ ಬಂತು. ಈರಯ್ಯ ಹಿಂದೆ ಮುಂದೆ ತಿರುವಿಹಾಕಿದ.

"ನಾ ಬರೆದಿದ್ದು ಐದು ಸಾಲು ಎಲ್ಲಿ ಅದಾವ್ರೀ?"

"ಅದನ್ನ ತೆಗೆದ್ಬಿಟ್ಟೆ" ಎಂದರು ಕಾಂತಾಮಣಿ. "ಅರ್ಜಿಯ ಓಟಕ್ಕೆ ಅಡ್ಡ ಬರ್ತಿತ್ತು. ಕೆಳಗಡೆ ನಿಮ್ಮ ಹೆಸರಿದೆಯಲ್ಲ!"

ಇತ್ತು. ಅವನೊಬ್ಬನದೇ ಇತ್ತು. ಸಹಿ ಹಾಕಲು ವಿಲ್ಮಾಗೆ ಗಂಡನನ್ನು ಕೇಳಬೇಕಿತ್ತು, ಶಾಹುಲ್ ಹಮೀದರ ಕನ್ನಡಕ ಮರೆತುಹೋಗಿತ್ತು, ಕಾಂತಾಮಣಿಗೆ ಮಗನ ಇಂಟರ್ನಲ್ ಮಾರ್ಕ್ಸಿನ ಭಯವಿತ್ತು.

ಶಾಲೆಯ ಸಭಾಂಗಣದಲ್ಲಿ ಎಲ್ಲರೂ ಸೇರಿ ಅವನನ್ನು ಮದುವೆಗಂಡಿನ ಹಾಗೆ ಮುಂದೆ ನೂಕಿದರು. ಪ್ರಿನ್ಸಿಪಾಲ್ ಮೇಡಂ ಅರ್ಜಿ ತೆಗೆದುಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಓದತೊಡಗಿದರು. ಒಂದು ಪುಟ. ಎರಡು. ನಾಲ್ಕು. ಈರಯ್ಯ ಆ ಕೆಂಪು ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಈ ಪೆನ್ನು ನಾಳೆ ನನ್ನ ಮಗಳ ಮೇಲೆ ತಿರುಗಿದರೆ?

ಹನ್ನೊಂದನೇ ಪುಟ ಮುಗಿದಾಗ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು: "ಮಿಸ್ಟರ್ ಈರಯ್ಯ, ಇದು ನೀವೇ ಬರೆದದ್ದಾ?"

ಈರಯ್ಯ ಹಿಂದಕ್ಕೆ ನೋಡಿದ. ಮೂವರೂ ಫ್ಯಾನ್ ನೋಡುತ್ತಿದ್ದರು.

"ಎಸ್ ಮೇಡಂ" ಎಂದ, ಜಾಮೀನಿಲ್ಲದ ಆರೋಪಿಯಂತೆ.

ಮೇಡಂ ಎದ್ದು ನಿಂತರು. "ನೀವು ಹೇಳುವುದು ಸರಿ. ಮಕ್ಕಳಿಗೆ ಹೊರೆ ಹೆಚ್ಚಾಗಿದೆ. ನಾಳೆಯಿಂದ ವಾರಕ್ಕೆ ಎರಡು ಕತೆಪುಸ್ತಕ ರದ್ದು!"

ಸಭಾಂಗಣ ಚಪ್ಪಾಳೆಯಿಂದ ಹಾರಿಹೋಗುವಂತಾಯಿತು. ಫ್ಯಾನ್ ನೋಡುತ್ತಿದ್ದವರು ಒಮ್ಮೆಲೇ ಈರಯ್ಯನ ಎಡಬಲಕ್ಕೆ ಬಂದರು. "ಮೊದಲ ಮೂರು ಪುಟ ನಂದೇ" ಎಂದು ಕಾಂತಾಮಣಿ ಅಕ್ಕಪಕ್ಕದವರಿಗೆ ಹೇಳಿದರೆ, "ಕೋಷ್ಟಕ ನನ್ನದು ಮಾರಾಯ್ರೆ" ಎಂದು ಶಾಹುಲ್ ಹಮೀದ್ ಕೈಕುಲುಕಿಸಿಕೊಂಡರು. ಆ ರಾತ್ರಿ ಈರಯ್ಯ ಊರಿನ ಗೌಡನಂತೆ ಮಲಗಿದ.

ಶನಿವಾರ ಸಂಜೆ ಕೆಲಸದಿಂದ ಬಂದಾಗ ಸೀಮಾ ಮೇಜಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕವ್ವಾ? ಬುಕ್ಕು ರದ್ದಾಗಲಿಲ್ಲೇನು?"

"ರದ್ದಾಗ್ಯಾವಪ್ಪಾ. ಅದರ ಬದಲಿ ಇದನ್ನ ಓದ್ಬೇಕಂತ. ಸೆವೆಂತ್ ಕ್ಲಾಸ್ ಎಲ್ಲಾರಿಗೂ ಕೊಟ್ಟಾರ."

ಹನ್ನೊಂದು ಪುಟದ ಝೆರಾಕ್ಸ್ ಪ್ರತಿ. ನೆತ್ತಿಯ ಮೇಲೆ 'ಉತ್ತಮ ಗದ್ಯದ ಮಾದರಿ' ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ. ಹಿಂದೆ ಲಗತ್ತಿಸಿದ ಮತ್ತೊಂದು ಹಾಳೆಯಲ್ಲಿ ಮೂವತ್ತು ಪ್ರಶ್ನೆ. ನಾಳೆ ಬೆಳಿಗ್ಗೆಯೇ ಒಪ್ಪಿಸಬೇಕು.

ಯಾರೋ ಬಾಗಿಲು ದಬದಬ ಬಡಿದರು. "ಈರಯ್ಯನವ್ರೇ!" ಕಾಂತಾಮಣಿಯ ದನಿ. "ಎರಡನೇ ಪುಟದ ಸಾರಾಂಶ ಕೇಳಿದಾರೆ, ನಮ್ಮ ಹುಡುಗ ಅಳ್ತಾ ಕೂತಿದಾನೆ. ಏನ್ರೀ ಅದರ ಅರ್ಥ?"

ಈರಯ್ಯ ಬಾಗಿಲು ತೆಗೆಯಲಿಲ್ಲ. ಮಗಳ ಪಕ್ಕ ಕುಸಿದು ಕೂತ.

"ಅಪ್ಪಾ, ಲಾಸ್ಟ್ ಕ್ವೆಶ್ಚನ್ ಅಷ್ಟಽ ಹೇಳು. ಲೇಖಕರು ಏನು ಹೇಳಾಕ ಹೊಂಟಾರ? ನಾನೂರು ಪದದಾಗ ಬರೀರಿ ಅಂತ. ಲೇಖಕ ನೀನಽ ಅಲ್ಲ?"

"ಹೋಂವರ್ಕ್ ಕಡಿಮಿ ಮಾಡ್ರಿ ಅಂತ" ಎಂದ ಈರಯ್ಯ.

ಸೀಮಾ ಬೆರಳು ಮಡಚಿ ಎಣಿಸಿದಳು.

"ನಾಕು ಆದ್ವಪ್ಪಾ. ಇನ್ನ ಮುನ್ನೂರಾ ತೊಂಬತ್ತಾರು ಹೇಳು."