ಹೊಸಪೇಟೆಯ ಹೊಗಳುಭಟ

ಸಿಂಧು, ಮಂಜು, ನಮ್ಮ ಮನೆಯಲ್ಲಿ ರಾಜರ ಕಾಲದ ಮನುಷ್ಯರೊಬ್ಬರು ಇದ್ದರು ಎಂದರೆ ನಂಬುತ್ತೀರಾ? ಇದ್ದರು. ಬನಿಯನ್, ಲುಂಗಿ ಹಾಕಿಕೊಂಡು, ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ನಮ್ಮ ಕಟ್ಟೆಯ ಮೇಲೇ ಕೂತಿರುತ್ತಿದ್ದರು.

ನಾನು ಎಮ್ಮಿಗನೂರಿನ ಶಾಲೆಯಲ್ಲಿದ್ದಾಗ ಮೇಷ್ಟ್ರು ಹಳೆಯ ಕಾವ್ಯಗಳ ಕತೆ ಹೇಳುತ್ತಿದ್ದರು. ಅವುಗಳಲ್ಲಿ ರಾಜನಿಗಿಂತ ಮೊದಲು ಹೊಗಳುಭಟ ಬರುತ್ತಾನೆ. ರಾಜನ ಬಿರುದುಗಳನ್ನೆಲ್ಲ ಕೂಗಿ ದಾರಿ ಬಿಡಿಸುತ್ತಾನೆ. ರಾಜರು ಹೋದ ಮೇಲೆ ಈ ಹೊಗಳುಭಟರೆಲ್ಲ ಏನಾದರು ಎಂದು ಕೇಳಬೇಕೆನಿಸಿತ್ತು. ಎದ್ದು ನಿಂತು ಕೇಳಲು ನಾಚಿಕೆಯಾಗಿ ಸುಮ್ಮನಾದೆ. ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ ಉತ್ತರ ತಾನಾಗಿ ಸಿಕ್ಕಿತು. ಒಬ್ಬರು ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದರು!

ಅವರು ನನ್ನ ಮಾವನವರ ತಮ್ಮ. ನಾನು ಸಣ್ಣ ಮಾವ ಎನ್ನುತ್ತಿದ್ದೆ. ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕೂಗಿ ಕರೆಯುವುದು ಅವರ ಕೆಲಸವಾಗಿತ್ತು. ಅವರು ಕೆಲಸ ಬಿಟ್ಟರು, ಗಂಟಲು ಅವರನ್ನು ಬಿಡಲಿಲ್ಲ. ರಾಜರಿಲ್ಲದ ಕಾಲದಲ್ಲಿ ಹೊಗಳುಭಟ ಏನು ಮಾಡಬೇಕು? ಕಂಡವರನ್ನೆಲ್ಲ ರಾಜರನ್ನಾಗಿ ಮಾಡಿಕೊಂಡರು.

ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸಿನ ಡ್ರೈವರ್ ಚಹಾ ಕುಡಿದು ಬರುತ್ತಿದ್ದ. ಇವರು ಎದ್ದು ನಿಂತು, ಬಲಗೈ ಎತ್ತಿ, ಎದೆ ತುಂಬ ಉಸಿರು ಎಳೆದುಕೊಂಡರು. "ಕಂಪ್ಲಿ ಮಾರ್ಗ ಮಾರ್ತಾಂಡ, ಹಂಪ್ಸ್ ಮರ್ದನ, ಹಾರ್ನ್ ಗಂಭೀರ, ಡ್ರೈವರ್ ಸಾಹೇಬ್ರು ಬಂದ್ರು, ದಾರಿ ಬಿಡ್ರಿ!" ನಿಲ್ದಾಣವೆಲ್ಲ ತಿರುಗಿ ನೋಡಿತು. ಆ ಡ್ರೈವರನಿಗೆ ಅದು ಎಷ್ಟು ಹಿಡಿಸಿತೆಂದರೆ, ಮುಂದಿನ ವಾರ ಇವರು ಬಸ್ಸು ಹತ್ತಿದ್ದನ್ನು ಕಂಡವನೇ ಎಂಜಿನ್ ಆರಿಸಿ ಕೂತ. "ಅಜ್ಜಾ, ಒಂದ್ಸಲ ಅಂದುಬಿಡ್ರಿ, ಹೋಗಾಮು" ಎಂದ. ಅಂದರು, ಬಸ್ಸು ಹೊರಟಿತು. ಆದರೆ ಕಂಡಕ್ಟರನನ್ನು ಹೊಗಳಿರಲಿಲ್ಲ. ಅವನು ಸಿಟ್ಟಿಗೆ, ಇವರ ಊರು ಬಂದಾಗ ಇಳಿಯುವ ಮೊದಲೇ ಸೀಟಿ ಊದಿ ಮುಂದಿನ ಊರಿಗೆ ಕರೆದುಕೊಂಡು ಹೋದ!

ಸಂಡೂರಿನಲ್ಲಿ ಒಂದು ಮದುವೆಯ ಊಟ. ಸಣ್ಣ ಮಾವ ಅಡುಗೆಯವನಿಗೆ "ಗೋಧಿಹುಗ್ಗಿ ಗಂಡರಗಂಡ" ಎಂದು ಕೂಗಿದರು. ಅವನು ಸೌಟು ಹಿಡಿದು ಓಡಿ ಬಂದು ಇವರ ಎಲೆಗೆ ನಾಲ್ಕು ಸಲ ಬಡಿಸಿದ. ಪಕ್ಕದಲ್ಲೇ ಮದುಮಗನ ಅಪ್ಪ ಎಲೆ ಹುಡುಕುತ್ತ ನಿಂತಿದ್ದರು.

"ಏನ್ರಿ ಅಜ್ಜಾರ, ಹುಡುಗನ ಅಪ್ಪ ನಾನು. ನನಗೇನೂ ಬಿರುದಿಲ್ಲೇನು?" ಎಂದು ಕೇಳಿದರು.

"ಐತ್ರಿ. ಮೊದಲ ಕುಂದ್ರಿ, ಉಣ್ರಿ. ಹಸದವರನ್ನ ಹೊಗಳಿದ್ರ ಬೈದಂಗ ಕೇಳಿಸ್ತೈತಿ" ಎಂದರು ಸಣ್ಣ ಮಾವ.

ನನ್ನ ಯಜಮಾನರು, ಅಂದರೆ ನಿಮ್ಮ ಅಜ್ಜ, ಒಮ್ಮೆ ಅವರನ್ನು ರೇಗಿಸಿದರು: "ಕಾಕಾ, ಊರಾಗ ಎಲ್ಲಾರೂ ರಾಜರಾದ್ರ ಕೆಲಸ ಯಾರು ಮಾಡಬೇಕು?"

"ನೀ ಅದಿಯಲ್ಲ" ಎಂದುಬಿಟ್ಟರು ಸಣ್ಣ ಮಾವ.

ನಿಮ್ಮ ಅಜ್ಜ ತೀರಿಕೊಂಡ ಎರಡು ತಿಂಗಳಿಗೆ, ಸಿಂಧು, ನೀನು ಕಂಪ್ಲಿಯಲ್ಲಿ ನಿಮ್ಮ ಅವ್ವನ ತವರಿನಲ್ಲಿ ಹುಟ್ಟಿದೆ. ನಾನು ಆಗ ಹೊಸ್ತಿಲು ದಾಟುತ್ತಿರಲಿಲ್ಲ. ನಿನ್ನನ್ನು ನೋಡಿದ್ದು ಫೋನಿನಲ್ಲಷ್ಟೇ. ಮೂರನೆಯ ತಿಂಗಳಲ್ಲಿ ನಮ್ಮ ಮನೆಯಲ್ಲೇ ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡೆವು. ನಿನ್ನನ್ನು ಕರೆತಂದರು. ಮನೆ ತುಂಬ ಜನ. ನಾನು ಅಡುಗೆಮನೆಯಲ್ಲಿ ಗುಗ್ಗರಿ ಹಂಚಿಡುತ್ತಿದ್ದೆ. ಹಿರಿಯ ನಾದಿನಿ ಬಂದು, "ಮೊದಲ ಮುತ್ತೈದೇರ ಕೈಗೆ ಹೋಗಲಿ ಕೂಸು. ನೀ ಆಮ್ಯಾಲ ಸಾವಕಾಶ ಎತ್ತಿಕೊಳ್ಳುವಂತಿ" ಎಂದು ಹೇಳಿ ಹೋದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೂ ಎದುರು ಮಾತಾಡಿ ಗೊತ್ತಿಲ್ಲ. ಆದರೆ ನೀನು ಹೊರಗೆ ಅಳುತ್ತಿದ್ದೆ, ನನ್ನ ಎರಡೂ ಕೈ ಕೆಲಸ ಮರೆತುಬಿಟ್ಟಿದ್ದವು.

ಸಣ್ಣ ಮಾವ ಒಳಗೆ ಬಂದರು. ಅವರಿಗೂ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

"ಕೂಸಿನ್ನ ನೋಡಿದ್ಯೇನವ್ವ?"

"ಫೋನಿನ್ಯಾಗ ನೋಡೀನ್ರಿ, ಮಾವಾ."

"ಅದನ್ನ ನಾನೂ ನೋಡೀನಿ. ಎತ್ತಿಕೊಂಡ್ಯಾ?"

ನಾನು ಗುಗ್ಗರಿಯ ತಟ್ಟೆಯನ್ನು ಮುಂದಕ್ಕೆ ಸರಿಸಿದೆ.

"ಬಾ. ನಾ ಮುಂದ ಹೋಗತೀನಿ, ನೀ ಹಿಂದ ಬಾ."

"ಬ್ಯಾಡ್ರಿ. ನೀವು ಏನರ ಕೂಗತೀರಿ. ಎಲ್ಲಾರೂ ನನ್ನ ನೋಡತಾರ."

"ಕೂಗಂಗಿಲ್ಲ. ನಿನ್ನ ಯಾರೂ ನೋಡದಂಗ ಮಾಡತೀನಿ, ಬಾರವ್ವ."

ಪಡಸಾಲೆಯ ನಡುವೆ ಹೋಗಿ ನಿಂತು ಹೆಗಲ ಟವೆಲ್ ಸರಿಮಾಡಿಕೊಂಡರು. ಬಲಗೈ ಎತ್ತಿದರು. ಎದೆ ತುಂಬ ಉಸಿರು ಎಳೆದುಕೊಂಡರು. ಅಷ್ಟು ಸಾಕಾಯಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ನಾಲ್ಕು ಮಂದಿ ಫೋನ್ ಎತ್ತಿ ಹಿಡಿದರು. ಕೂಸಿಗೆ ಎಂಥ ಬಿರುದು ಬರುತ್ತದೋ ಎಂದು ಎಲ್ಲರ ಕಣ್ಣೂ ಅವರ ಬಾಯಿಯ ಮೇಲೆ. ಬಾಯಿ ತೆರೆದೇ ಇತ್ತು, ಮಾತು ಮಾತ್ರ ಹೊರಡಲಿಲ್ಲ.

"ಅಂದುಬಿಡ್ರಿ ಅಜ್ಜಾ" ಎಂದು ಯಾರೋ ಅವಸರ ಮಾಡಿದರು. ತಾಳು ಎನ್ನುವಂತೆ ಬೆರಳು ತೋರಿಸಿದರು.

ನಾನು ಗೋಡೆ ಹಿಡಿದು ನಡೆದೆ. ನಾದಿನಿಯ ಪಕ್ಕದಲ್ಲೇ ದಾಟಿದೆ. ಅವರೂ ಸಣ್ಣ ಮಾವನ ಬಾಯಿಯನ್ನೇ ನೋಡುತ್ತಿದ್ದರು. ನಿಮ್ಮ ಅವ್ವ ನಿನ್ನನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಸಿಂಧು, ನೀನು ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿದ್ದೆ. ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಳು ನಿಲ್ಲಿಸಿದೆ.

ಸಣ್ಣ ಮಾವ ಓರೆಗಣ್ಣಿನಲ್ಲಿ ಒಮ್ಮೆ ನಮ್ಮ ಕಡೆ ನೋಡಿದರು. ಎತ್ತಿದ ಕೈ ಇಳಿಸಿದರು.

"ಮರತ್ನಿ ನೋಡ್ರಪ. ವಯಸ್ಸಾತು" ಎಂದರು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಬಿರುದನ್ನೂ ಎಂದೂ ಮರೆಯದ ಮನುಷ್ಯ, ತಲೆ ಕೆರೆದುಕೊಳ್ಳುತ್ತ ಆ ನಗುವಿನ ನಡುವೆಯೇ ಕೂತುಬಿಟ್ಟರು. ಆಮೇಲೆ ಎಲ್ಲರೂ ನಮ್ಮ ಕಡೆ ತಿರುಗಿದಾಗ ನೀನು ನನ್ನ ತೋಳಲ್ಲಿ ನಿದ್ದೆ ಹೋಗಿದ್ದೆ. ಮಲಗಿದ ಕೂಸನ್ನು ಕೊಡು ಎಂದು ಯಾರೂ ಕೇಳಲಿಲ್ಲ.

ಇದನ್ನು ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆ, ಅದಕ್ಕೇ ಬರೆದೆ. ಮಂಜುವಿನ ಕೈಗೆ ಕಾಗದ ಸಿಕ್ಕರೆ ವಿಮಾನವಾಗುತ್ತದೆ. ಅವನು ದೊಡ್ಡವನಾಗುವ ತನಕ ಈ ಹಾಳೆಗಳು ನಿನ್ನ ಹತ್ತಿರವೇ ಇರಲಿ, ಸಿಂಧು. ಜೋಪಾನ.