ಸದಾ ಸೋರುವ ಎಂಜಿನ್ ಮಹಾಶಯರಿಗೆ

ನನ್ನಕ್ಕನ ಎರಡು ಸೀಟಿನ ವಿಮಾನದ ಮೂತಿಯಲ್ಲಿ ವಿರಾಜಮಾನರಾಗಿರುವ ಮಾನ್ಯರೇ,

ಈ ವಿಮಾನದ ಮೆಕ್ಯಾನಿಕ್ಕೂ, ಅದನ್ನು ಹಾರಿಸುವವಳ ತಂಗಿಯೂ, ತಮ್ಮ ಹೊಟ್ಟೆಯಡಿ ದಿನವೂ ತಟ್ಟೆ ಇಡುವ ಸೇವಕಿಯೂ ಆದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಅಂಗಾತ ಮಲಗಿಯೇ ಮಾಡುತ್ತಿದ್ದೇನೆ, ಕ್ಷಮೆಯಿರಲಿ; ತಮ್ಮ ಎಣ್ಣೆಯನ್ನು ನೇರವಾಗಿ ಮುಖಕ್ಕೇ ಬೀಳಿಸಿಕೊಂಡು ರೂಢಿಯಾಗಿಬಿಟ್ಟಿದೆ.

ಅಮ್ಮನನ್ನು ಮೊದಲ ಸಲ ಆಕಾಶಕ್ಕೆ ಕರೆದೊಯ್ಯುತ್ತೇನೆಂದು ಅಕ್ಕ ಮಾತು ಕೊಟ್ಟ ದಿನವೇ ತಾವು ಸೋರಲು ಮನಸ್ಸು ಮಾಡಿದಿರಿ. ಕೆಳಗಿನ ಸೀಲು ಹೋಗಿದೆಯೆಂದು ಬದಲಿಸಿದೆ, ಸೋರಿದಿರಿ. ಎಣ್ಣೆಯ ಪೈಪನ್ನು ಬಿಗಿದೆ; ಇಮ್ಮಡಿ ಉತ್ಸಾಹದಿಂದ ಸೋರಿದಿರಿ. ಹೊಸ ಬೂಟು ತೊಟ್ಟು ಶೆಡ್ಡಿನ ಮೂಲೆಯಲ್ಲಿ ಕಾಯುತ್ತಿದ್ದ ಅಮ್ಮ, ಇದಕ್ಕೊಂದು ಲಂಗೋಟಿ ಕಟ್ಟಬಾರದೇ ಎಂದು ಕೇಳಿದರು. ಅಕ್ಕನೋ, ನಾಲ್ಕು ಹನಿ ಎಣ್ಣೆಗೆ ಇಷ್ಟು ರಾದ್ಧಾಂತವೇ, ಹಾರಿಯೇ ಬಿಡೋಣವೆಂದು ಹಟ ಹಿಡಿದಳು. ನಾನು ಬೀಗದ ಕೈ ಕೊಡಲಿಲ್ಲ. ಅವಳು ನನ್ನೊಡನೆ ಮಾತು ಬಿಟ್ಟಳು.

ಕೊನೆಗೆ ತಮ್ಮ ಮೈ ತೊಳೆದು, ಒರೆಸಿ, ಹಸುಗೂಸಿಗೆ ಹಚ್ಚುವಂತೆ ಪೌಡರ್ ಹಚ್ಚಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆ. ಬಿಳಿಯ ಮೇಲೆ ಎಣ್ಣೆಯ ಗೆರೆ ಮೂಡಿತು. ಸೋರುತ್ತಿದ್ದುದು ಕೆಳಗಲ್ಲ, ಮೇಲೆ, ಮುಂದಿನ ಸಿಲಿಂಡರಿನ ಮುಚ್ಚಳದಲ್ಲಿ. ಪ್ರೊಪೆಲ್ಲರಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳಿ, ಪಾಪದ ಸೀಲಿನ ತಲೆಗೆ ಕಟ್ಟಿತ್ತು. ತಾವು ಚುನಾವಣೆಗೆ ನಿಲ್ಲದಿರುವುದು ದೇಶಕ್ಕೇ ನಷ್ಟ.

ಅದೇ ಪೌಡರಿನಲ್ಲಿ, ಇನ್ನೊಂದು ಬದಿಗೆ, ಒಂದು ನೀಲಿ ಕಲೆಯೂ ಇತ್ತು. ವಿಮಾನದ ಪೆಟ್ರೋಲಿಗೆ ಬೆರೆಸುವ ಬಣ್ಣ ನೀಲಿ. ಇಂಧನದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಕೆಳಗೇ ಬೆಂಕಿಯಂತೆ ಕಾಯುವ ಹೊಗೆಕೊಳವೆ. ಹಾರುವಾಗ ಅದರ ಮೇಲೆ ಒಂದು ಹನಿ ಬಿದ್ದಿದ್ದರೆ ಆಕಾಶದಲ್ಲೇ ಬೆಂಕಿ. ಅಕ್ಕನನ್ನು ಕರೆದು ತೋರಿಸಿದೆ. ಅವಳು ಬಿರುಕನ್ನು ಉಗುರಿನಿಂದ ಮುಟ್ಟಿ ನೋಡಿ, "ಅಮ್ಮನ್ನ ಕೂರಿಸ್ಕೊಂಡು ಹೊರಟಿದ್ನಲ್ಲೇ" ಎಂದಳು. ಮಾತು ಬಿಟ್ಟ ಮೇಲೆ ನನ್ನೊಡನೆ ಆಡಿದ ಮೊದಲ ಮಾತದು.

ಪೈಪು ಬದಲಾಯಿತು, ಮುಚ್ಚಳವೂ ಭದ್ರವಾಯಿತು. ನಿನ್ನೆ ಅಮ್ಮ ಹಾರಿದರು. ಇನ್ನೂ ಮೇಲೆ, ಇನ್ನೂ ಮೇಲೆ ಎಂದು ಅಕ್ಕನ ಪ್ರಾಣ ಹಿಂಡಿದರಂತೆ. ಇಳಿದ ಮೇಲೂ ಸೀಟು ಬಿಡದ ಅವರನ್ನು ನಾವಿಬ್ಬರೂ ಒಂದೊಂದು ತೋಳು ಹಿಡಿದು, ನಕ್ಕು ನಕ್ಕು ಸುಸ್ತಾಗಿ, ಹೊರಗೆಳೆಯಬೇಕಾಯಿತು.

ಆದಕಾರಣ, ತಾವು ಎಣ್ಣೆ ಸೋರಿ ನಮ್ಮನ್ನು ತಡೆದ ಉಪಕಾರವನ್ನು ಸ್ಮರಿಸುತ್ತಾ ಬೇಡಿಕೊಳ್ಳುವುದೇನೆಂದರೆ, ಮುಂದೆ ಸೋರುವ ಮುನ್ನ ಲಿಖಿತ ನೋಟೀಸು ಕೊಡತಕ್ಕದ್ದು, ಸೋರಿದ ಜಾಗದಲ್ಲೇ ಕಲೆ ಬಿಡತಕ್ಕದ್ದು, ಭಾನುವಾರಗಳಂದು ಒಣಗಿರತಕ್ಕದ್ದು.

ಮೈಯೆಲ್ಲ ಜಿಡ್ಡಾದರೂ ಮನಸ್ಸಿನಲ್ಲಿ ಜಿಡ್ಡಿಲ್ಲದ,
ತಮ್ಮ ವಿಶ್ವಾಸಿ,
ಮೆಕ್ಯಾನಿಕ್

ತಾ.ಕ.: ಇಂದು ಬೆಳಗ್ಗೆ ಸ್ಟಾರ್ಟ್ ಮಾಡುವಾಗ ತಾವು ಮೆಲ್ಲಗೆ ಕೆಮ್ಮಿದಿರಿ. ನನಗೆ ಕೇಳಿಸಲಿಲ್ಲವೆಂದು ದಯಮಾಡಿ ಭಾವಿಸಬೇಡಿ. ನಟ್ಟು ಬಿಚ್ಚುವ ಪಾನಾ ಕೈಯಲ್ಲೇ ಇದೆ.