ಕೋಟೆಬಾಗಿಲಿನ ಅಧಿಕೃತ ಫೋಟೋ

ಹಾಲೆಂಡಿನ ವೆಲ್ಡರ್‌ಡೈಕ್ ನಗರದ ಹಳೆಯ ಕೋಟೆಬಾಗಿಲಿಗೆ ಒಳಮುಖ, ಹೊರಮುಖ ಎಂದು ಎರಡು ಮುಖಗಳಿದ್ದು, ಎರಡೂ ಸಮಾನವೆಂಬುದು ನಗರಸಭೆಯ ಅಂಗೀಕೃತ ನಿಲುವಾಗಿತ್ತು. ಬಿರುಕು ಬಿಟ್ಟಿದ್ದು ಮಾತ್ರ ಹೊರಮುಖ. ಬಿರುಕಿಗೆ ನಗರಸಭೆಯ ನಿಲುವು ಗೊತ್ತಿರಲಿಲ್ಲ.

ಅಧಿಕೃತ ಫೋಟೋದಲ್ಲಿ ಕಾಣುವ ಹಾನಿಗಷ್ಟೇ ದುರಸ್ತಿ ಎಂಬುದು ನಿಯಮ. ಫೋಟೋ ತೆಗೆಯುವ ಕೆಲಸ ಊರಿನ ಫೋಟೋಗ್ರಾಫರ್ ಆಲೈಡಾಳಿಗೆ ಬಂತು. ಅವಳ ಅಡುಗೆಮನೆಯ ಹಿಂಗೋಡೆಯೆಂದರೆ ಈ ಕೋಟೆಬಾಗಿಲಿನ ಪಕ್ಕೆಯೇ. ಬಿರುಕು ಅಗಲವಾದಷ್ಟೂ ಅವಳ ನಿದ್ದೆ ಕಡಿಮೆಯಾಗುತ್ತಿತ್ತು. ಸಂಭ್ರಮದಿಂದ ಹೊರಗಡೆ, ಕಾಲುವೆಯ ಸೇತುವೆ ಮೇಲೆ ಕ್ಯಾಮೆರಾ ಹೂಡಿದಳು.

ಕೂಡಲೇ ಆಕ್ಷೇಪಣೆ ಬಂತು. ಹೊರಮುಖದ ಫೋಟೋವೇ ಪ್ರವಾಸಿ ಕೈಪಿಡಿಯಲ್ಲೂ ಅಚ್ಚಾದರೆ ಪ್ರವಾಸಿಗರೆಲ್ಲ ಹೊರಗಿನ ತ್ರೈನಳ ಹೆರಿಂಗ್ ಮೀನಿನ ಗಾಡಿಗೆ ಮುತ್ತಿ, ಒಳಗಿನ ಫ್ಲೋರಿಸನ ಪ್ಯಾನ್‌ಕೇಕ್ ಅಂಗಡಿ ನೊಣ ಹೊಡೆಯಬೇಕಾಗುತ್ತದಂತೆ. ಸಭೆ ಸೇರಿತು. ತಲೆಗೊಂದು ಕಾಫಿ, ಒಂದೇ ಬಿಸ್ಕತ್ತು. ಎಲ್ಲರೂ ಒಪ್ಪುವ ತನಕ ಯಾರೂ ಏಳುವಂತಿಲ್ಲ.

“ಎರಡೂ ಕಡೆ ತೆಗೀತೀನಿ, ಬಿಡ್ರಪ್ಪ” ಎಂದಳು ಆಲೈಡಾ.

“ಮೊದಲನೇ ಪುಟದಲ್ಲಿ ಯಾವ್ದು ಹಾಕ್ತೀಯಮ್ಮ?” ಎಂದ ಫ್ಲೋರಿಸ್.

“ಮೀನೇ ಮೊದಲು. ನಿನ್ನ ಹಿಟ್ಟು ಯಾರಿಗೆ ಬೇಕು?” ಎಂದಳು ತ್ರೈನ್.

ಹಾವೂ ಸಾಯದಂತೆ, ಕೋಲೂ ಮುರಿಯದಂತೆ ನಡೆದುಕೊಂಡೇ ನಗರಸಭೆಯ ಅಧ್ಯಕ್ಷನಾಗಿದ್ದ ಬೌದೆವೈನ್ ಗಂಟಲು ಸರಿಮಾಡಿಕೊಂಡ. “ನಟ್ಟನಡುವೆ, ಕಮಾನಿನ ಕೆಳಗೆ ನಿಂತು ತೆಗೆದ್ರೆ?”

“ಅಲ್ಲಿ ನಿಂತ್ರೆ ಬಾಗಿಲೇ ಕಾಣಲ್ವಲ್ಲ!” ಎಂದಳು ಆಲೈಡಾ.

“ಕಾಣದಿದ್ರೆ ಯಾರಿಗೂ ಅನ್ಯಾಯ ಆಗಲ್ಲ, ನೋಡಿ.”

ಭಾರೀ ಚಪ್ಪಾಳೆ ಬಿತ್ತು. ಬಿಸ್ಕತ್ತಿನ ಡಬ್ಬಿಯನ್ನು ಎರಡನೇ ಸಲ ತೆರೆಯಲಾಯಿತು. ಇಂಥದ್ದು ಆ ಊರಲ್ಲಿ ಮದುವೆಗೂ ನಡೆಯುವುದಿಲ್ಲ.

ಫೋಟೋದಲ್ಲಿ ಒದ್ದೆ ರಸ್ತೆ, ಆಕಾಶ, ಒಂದು ಸೈಕಲ್ಲಿನ ಹಿಂಭಾಗ ಮೂಡಿಬಂದವು. ‘ಹಾನಿ ಕಂಡುಬಂದಿಲ್ಲ’ ಎಂದು ಮೊಹರು ಬಿತ್ತು. ಆಲೈಡಾ ಅಧ್ಯಕ್ಷನ ಬಳಿಗೆ ಓಡಿದಳು.

“ಬೌದೆವೈನ್, ಬಿರುಕಲ್ಲಿ ಈಗ ನನ್ನ ಕೈಯೇ ತೂರುತ್ತೆ!”

“ಅಧಿಕೃತ ಫೋಟೋದಲ್ಲಿ ಇಲ್ವಲ್ಲ. ಹಾಗಾದ್ರೆ ಅದು ನಿಮ್ಮ ಖಾಸಗಿ ಬಿರುಕು.”

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಒಂದು ಬೆಳಿಗ್ಗೆ ಅವಳು ಬ್ರೆಡ್ಡು ತರಲು ಹೋಗಿದ್ದಾಗ ಕೋಟೆಬಾಗಿಲು ಅವಳ ಅಡುಗೆಮನೆಯ ಸಮೇತ ಕುಸಿಯಿತು. ಕಲ್ಲುಮಣ್ಣು ಸಾಗಿಸಿದ ಮೇಲೆ ಬೌದೆವೈನ್ ಸ್ಥಳಕ್ಕೆ ಬಂದು, ಫೋಟೋ ಎತ್ತಿಹಿಡಿದು ತಾಳೆ ನೋಡಿದ. ರಸ್ತೆ ಇತ್ತು. ಆಕಾಶ ಇತ್ತು. ದ್ವಾರವು ಫೋಟೋದಲ್ಲಿದ್ದ ಸ್ಥಿತಿಯಲ್ಲೇ ಇದೆಯೆಂದು ಪ್ರಕಟಣೆ ಹೊರಬಿತ್ತು. ಈಗ ಪ್ರವಾಸಿಗರಿಗೆ ಎರಡೂ ಅಂಗಡಿ ಒಟ್ಟಿಗೇ ಕಾಣುವುದರಿಂದ ಫ್ಲೋರಿಸ್, ತ್ರೈನ್ ಕೈಕುಲುಕಿದರು.

ಇಷ್ಟು ನಿಖರವಾದ ಫೋಟೋ ತೆಗೆದವರು ಇನ್ನೊಬ್ಬರಿಲ್ಲವೆಂದು ಉತ್ತರದ ಬಾಗಿಲಿನ ಕೆಲಸವನ್ನೂ ಆಲೈಡಾಳಿಗೇ ಕೊಟ್ಟರು. ಅವಳಿಗೆ ಹೊಸ ಅಡುಗೆಮನೆಗೆ ದುಡ್ಡು ಬೇಕಿತ್ತು. ಯಾರೂ ಹೇಳುವ ಮೊದಲೇ ಹೋಗಿ ಕಮಾನಿನ ಕೆಳಗೆ ನಿಂತಳು.